ದೊಡ್ಡಮ್ಮನ ಹಿಡಿತದ ಅಂತರ, ನಡಿಗೆಯ ವೇಗ ಮತ್ತು ಐದನೆಯ ಆಯ್ಕೆಯ ಬಗ್ಗೆ

ಹೊಡೆದಾಟದ ಆಟಗಳ ತಯಾರಿಕಾ ವಿಭಾಗ
(ಎರಡನೆಯ ಮಹಡಿ, ಜೆರಾಕ್ಸ್ ಯಂತ್ರದ ಎಡಕ್ಕೆ)

ಸುತ್ತೋಲೆ ಸಂಖ್ಯೆ: ಹೊ.ಆ.ತ.ವಿ/ಹಿಡಿತ/47/ತಿದ್ದುಪಡಿಯ ತಿದ್ದುಪಡಿ
ದಿನಾಂಕ: ಶುಕ್ರವಾರ, ಸಂಜೆ 5.25

ವಿಷಯ: ಹಿಡಿತದ ಪಾತ್ರಗಳನ್ನು (ಸಿಬ್ಬಂದಿಯ ಬಾಯಲ್ಲಿ ‘ಗ್ರ್ಯಾಪ್ಲರ್’) ಪರಿಣಾಮಕಾರಿಯಾಗಿ ರೂಪಿಸುವ ಬಗ್ಗೆ, ‘ದೊಡ್ಡಮ್ಮ’ ಎಂಬ ಪಾತ್ರವನ್ನು ಆಟದಿಂದ ಕೈಬಿಡುವ ಅಥವಾ ಬಿಡದಿರುವ ಬಗ್ಗೆ, ಹಾಗೂ ಕಾರಿಡಾರಿನಲ್ಲಿ ಜಿಗಿಯುವುದನ್ನು ನಿಷೇಧಿಸುವ ಬಗ್ಗೆ.

ಉಲ್ಲೇಖ:
1. ಸಿಬ್ಬಂದಿಯ ಅಹವಾಲುಗಳು, ಒಟ್ಟು ಒಂಬತ್ತು.
2. ಸದರಿ ಅಹವಾಲುಗಳನ್ನು ಒಪ್ಪಿ ಹೊರಡಿಸಿದ ಆದೇಶಗಳು, ಒಟ್ಟು ಒಂಬತ್ತು.
3. ವಿನ್ಯಾಸಕಿಯವರ ರಾಜೀನಾಮೆ ಪತ್ರ, ಒಂದು. (ಬಿಡಿಸಿ ಓದಲಾಗಿದೆ, ಮತ್ತೆ ಮಡಚಲಾಗಿದೆ, ಮತ್ತೆ ಬಿಡಿಸಲಾಗಿದೆ.)

ಪೀಠಿಕೆ:

ಹೊಡೆದಾಟದ ಆಟವೆಂದರೆ ಪರದೆಯ ಮೇಲೆ ಇಬ್ಬರು ಎದುರುಬದುರು ನಿಂತು, ಜೀವದ ಪಟ್ಟಿ ಖಾಲಿಯಾಗುವವರೆಗೆ ಕಾದಾಡುವುದು ಎಂಬುದು ಸರ್ವವಿದಿತ. ಕೆಲವರು ಗುದ್ದುತ್ತಾರೆ, ಕೆಲವರು ಒದೆಯುತ್ತಾರೆ, ಇನ್ನು ಕೆಲವರು ದೂರದ ಮೂಲೆಯಿಂದಲೇ ಬೆಂಕಿಚೆಂಡು ಎಸೆದು ಕೈತೊಳೆದುಕೊಳ್ಳುತ್ತಾರೆ. ಇವರ ನಡುವೆ ಆತುರವೇ ಇಲ್ಲದೆ, ಎಸೆಯಲು ಏನೂ ಇಲ್ಲದೆ, ಹೊಡೆತಗಳನ್ನೆಲ್ಲ ಮೈಮೇಲೆ ಹಾಕಿಕೊಂಡು ನಡೆದು ಬಂದು, ಎದುರಾಳಿಯನ್ನು ಬಾಚಿ ತಬ್ಬಿ ನೆಲಕ್ಕೆ ಅಪ್ಪಳಿಸುವವರನ್ನು ಹಿಡಿತದ ಪಾತ್ರ ಎನ್ನತಕ್ಕದ್ದು. ಇಂಥವರನ್ನು ರೂಪಿಸುವಲ್ಲಿ ವಿಭಾಗದಿಂದ ಆಗಿರುವ ಲೋಪಗಳನ್ನು ಸರಿಪಡಿಸುವ ಸಲುವಾಗಿ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ವ್ಯಾಖ್ಯೆ. ಈ ಸುತ್ತೋಲೆಯ ಕೊನೆಗೆ ಸಹಿ ಹಾಕಿರುವವರನ್ನು ‘ಕೆಳಸಹಿದಾರರು’ ಎಂದು ಓದಿಕೊಳ್ಳತಕ್ಕದ್ದು. ಇವರು ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿ ಹದಿನಾರು ವರ್ಷ ಕೂತಿದ್ದು, ಈ ವಾರದವರೆಗೆ ಬಂದ ಒಂದೇ ಒಂದು ಅಹವಾಲಿಗೂ ಇಲ್ಲ ಎಂದವರಲ್ಲ. ಇಲ್ಲ ಎನ್ನಬೇಕಾದರೆ ಎದುರಿಗಿರುವವರ ಮುಖ ನೋಡಬೇಕಾಗುತ್ತದೆ. ಹೌದು ಎನ್ನಲು ಕಾಗದ ನೋಡಿದರೆ ಸಾಕು ಎಂಬುದು ಅವರ ಅನುಭವ.

2. ದೊಡ್ಡಮ್ಮ ಎಂಬ ಪಾತ್ರವನ್ನು ವಿನ್ಯಾಸಕಿಯವರು ತಮ್ಮ ತಾಯಿಯ ಅಕ್ಕನನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿರುತ್ತಾರೆ. ಸದರಿ ಅಕ್ಕನವರು ನಲವತ್ತು ವರ್ಷ ಬಟ್ಟೆ ಒಗೆಯುವ ಅಂಗಡಿ ನಡೆಸಿ, ನೀರು ಕುಡಿದು ಭಾರವಾದ ಕಂಬಳಿಗಳನ್ನು ಒಬ್ಬರೇ ಎತ್ತಿ ಹಿಂಡಿದವರು. ಮೂಲ ರೂಪದಲ್ಲಿ ಪಾತ್ರಕ್ಕೆ ಇದ್ದದ್ದು ಮೂರು: ನಿಧಾನ ನಡಿಗೆ, ಗಟ್ಟಿ ಮೈ, ಒಂದು ಹಿಡಿತ. ಇಲ್ಲದ್ದು: ಮಿಕ್ಕ ಎಲ್ಲವೂ.

3. ಒಂದು ಅಹವಾಲಿಗೆ ಒಂದು ತಿದ್ದುಪಡಿ ಎಂಬ ವಿಭಾಗದ ಪದ್ಧತಿಯಂತೆ ಮುಂದೆ ನಡೆದ ಕ್ರಮ ಹೀಗಿದೆ.

(ಅ) ನಡಿಗೆ ಬಹಳ ನಿಧಾನ ಎಂದು ಒಬ್ಬರು ಬರೆದುಕೊಂಡರು. ದೊಡ್ಡಮ್ಮನಿಗೆ ಓಟ ಮಂಜೂರಾಯಿತು.

(ಆ) ದೂರ ನಿಂತಾಗ ಅವರ ಕೈಲಿ ಏನೂ ಇಲ್ಲ, ನೋಡಿದರೆ ಅಯ್ಯೋ ಅನ್ನಿಸುತ್ತದೆ ಎಂದು ಇನ್ನೊಬ್ಬರು. ಸೋಪಿನ ಬಿಲ್ಲೆ ಎಸೆಯುವ ಸೌಲಭ್ಯ ಒದಗಿಸಲಾಯಿತು.

(ಇ) ಜಿಗಿತ ತಗ್ಗು ಎಂದು ಮತ್ತೊಬ್ಬರು. ಗಾಳಿಯಲ್ಲಿದ್ದಾಗಲೇ ಇನ್ನೊಮ್ಮೆ ಜಿಗಿಯಲು ಅನುಮತಿಸಲಾಯಿತು.

(ಈ) ಓಡಿ ಬಂದು ಹಿಡಿದರೆ ತಪ್ಪಿಸಿಕೊಳ್ಳುವುದು ಹೇಗೆ ಎಂದು, ಓಟ ಕೇಳಿದ ಅದೇ ವ್ಯಕ್ತಿ. ಹಿಡಿತದ ಪೆಟ್ಟನ್ನು ಕಾಲು ಭಾಗಕ್ಕೆ ಇಳಿಸಲಾಯಿತು.

(ಉ) ಐದರಿಂದ ಎಂಟರವರೆಗಿನ ತಿದ್ದುಪಡಿಗಳು ಒಂದನ್ನೊಂದು ರದ್ದು ಮಾಡಿಕೊಂಡಿರುವುದರಿಂದ ಇಲ್ಲಿ ನಮೂದಿಸಿಲ್ಲ.

(ಊ) ಒಂಬತ್ತನೆಯದಾಗಿ, ತಬ್ಬುವುದು ನೋಡುವವರಿಗೆ ಮುಜುಗರ ಎಂಬ ಅಹವಾಲಿನ ಮೇರೆಗೆ ತಬ್ಬುವ ಬದಲು ಕೈಕುಲುಕಲು ಆದೇಶವಾಯಿತು.

ಹೀಗೆ ಒಂಬತ್ತು ವಾರಗಳ ಕೊನೆಗೆ ದೊಡ್ಡಮ್ಮ ಓಡಿ, ಹಾರಿ, ಸೋಪು ಎಸೆದು, ಎದುರಾಳಿಯ ಹತ್ತಿರ ಬಂದು ಕೈಕುಲುಕಿ ಹೋಗುವ ಹಂತ ತಲುಪಿದರು. ಆಟದಲ್ಲಿರುವ ಇಪ್ಪತ್ತೆರಡು ಪಾತ್ರಗಳಲ್ಲಿ ಅವರನ್ನು ಆರಿಸಿಕೊಳ್ಳುವವರು ಒಬ್ಬರೂ ಉಳಿಯಲಿಲ್ಲ. ಅಹವಾಲು ಕೊಟ್ಟವರೆಲ್ಲರೂ ಮೂಗು ಮುರಿದರು.

4. ಈ ಹಿನ್ನೆಲೆಯಲ್ಲಿ ಮೇಲಿನ ಮಹಡಿಯಿಂದ ಬಂದ ನಿರ್ದೇಶನವೇನೆಂದರೆ: ಶುಕ್ರವಾರ ಸಂಜೆ ಐದು ಗಂಟೆಯೊಳಗೆ ವಿಭಾಗದ ಐದು ಮಂದಿ ನೌಕರರು ತಾವಾಗಿಯೇ ಆರಿಸಿಕೊಂಡು, ತಲಾ ಒಂದು ಪಂದ್ಯ ಗೆದ್ದು ತೋರಿಸದಿದ್ದಲ್ಲಿ ದೊಡ್ಡಮ್ಮನನ್ನು ಆಟದಿಂದ ತೆಗೆದುಹಾಕತಕ್ಕದ್ದು. ಮುಖ್ಯಸ್ಥರು ನೌಕರರಲ್ಲ, ಅವರ ಆಯ್ಕೆ ಲೆಕ್ಕಕ್ಕಿಲ್ಲ. ನಿರ್ದೇಶನ ತಲುಪಿದ ಹತ್ತನೆಯ ನಿಮಿಷಕ್ಕೆ ವಿನ್ಯಾಸಕಿಯವರು ತಮ್ಮ ರಾಜೀನಾಮೆಯನ್ನು ಕೆಳಸಹಿದಾರರ ಮೇಜಿನ ಮೇಲಿಟ್ಟು, “ಅವ್ರು ಹೋದ್ರೆ ನಾನೂ ಹೋಗ್ತೀನಿ ಸಾರ್. ಅದೇ ದಿನ, ಅದೇ ಐದು ಗಂಟೆಗೆ. ಪತ್ರದಲ್ಲಿ ಎಲ್ಲಾ ಬರ್ದಿದೀನಿ, ನೀವು ಸಹಿ ಹಾಕಿದ್ರೆ ಮುಗೀತು,” ಎಂದು ತಿಳಿಸಿರುವುದು ದಾಖಲಾಗಿದೆ. ಹದಿನಾರು ವರ್ಷಗಳಲ್ಲಿ ಮೊದಲ ಬಾರಿಗೆ ಕೆಳಸಹಿದಾರರಿಗೆ ಒಂದು ಕಾಗದಕ್ಕೆ ಸಹಿ ಹಾಕಲು ಕೈ ಬರಲಿಲ್ಲ. ಪೆನ್ನು ಸರಿಯಾಗಿಯೇ ಬರೆಯುತ್ತಿತ್ತು ಎಂಬುದನ್ನು ಪರಿಶೀಲಿಸಲಾಗಿದೆ.

5. ಸ್ಥಳ ಪರಿಶೀಲನೆ. ಮೂಲ ದೊಡ್ಡಮ್ಮನವರನ್ನು ಬುಧವಾರ ವಿಭಾಗಕ್ಕೆ ಬರಮಾಡಿಕೊಳ್ಳಲಾಯಿತು. ಅವರು ಮೆಟ್ಟಿಲು ಹತ್ತಲು ಆರು ನಿಮಿಷ ತೆಗೆದುಕೊಂಡರು. ಆ ಆರು ನಿಮಿಷವೂ ಅವರ ಹೆಜ್ಜೆಯ ಸದ್ದು ಕೇಳುತ್ತಲೇ ಇದ್ದುದರಿಂದ, ಯಾವ ತಪ್ಪೂ ಮಾಡದ ಸಿಬ್ಬಂದಿಯೂ ನೆಟ್ಟಗೆ ಕೂತರೆಂದು ವರದಿಯಾಗಿದೆ. ಒಳಗೆ ಬಂದವರು ಕೆಳಸಹಿದಾರರ ಮುಂಗೈ ಹಿಡಿದುಕೊಂಡು, “ಎಷ್ಟು ಸೊರಗಿದೀಯಪ್ಪಾ. ಊಟ ಆಯ್ತಾ?” ಎಂದು ವಿಚಾರಿಸಿದರು. ಆಗಿದೆ ಎಂದು ಉತ್ತರಿಸಲಾಯಿತು. “ಸುಳ್ಳು ಹೇಳ್ಬೇಡ,” ಎಂದರು. ಕೈ ಬಿಡಿಸಿಕೊಳ್ಳಲು ಮಾಡಿದ ನಾಲ್ಕು ಪ್ರಯತ್ನಗಳೂ ವಿಫಲವಾದವು. ಆ ಅವಧಿಯಲ್ಲಿ ದರ್ಜಿಯ ಟೇಪು ತಂದು ಅಳೆಯಲಾಗಿ, ಅವರು ನಿಂತ ಜಾಗದಿಂದ ಹಿಡಿತಕ್ಕೆ ಸಿಗುವ ಅಂತರ ಒಂದು ಮೊಳ ಎರಡು ಬೆರಳು ಎಂದು ಕಂಡುಬಂದಿದೆ. ಟೇಪು ಹಿಡಿದ ನೌಕರನನ್ನೂ ಊಟದ ಬಗ್ಗೆ ವಿಚಾರಿಸಲಾಯಿತು.

6. ಆದುದರಿಂದ ಒಂಬತ್ತೂ ಆದೇಶಗಳನ್ನು ಬುಧವಾರವೇ ಹಿಂಪಡೆದಿದ್ದು, ಅದನ್ನು ಈ ಮೂಲಕ ದೃಢೀಕರಿಸಲಾಗಿದೆ. ಸೋಪಿನ ಬಿಲ್ಲೆಗಳನ್ನು ದಾಸ್ತಾನಿಗೆ ಮರಳಿಸತಕ್ಕದ್ದು. ಹಿಡಿತದ ಪಾತ್ರಗಳನ್ನು ರೂಪಿಸುವವರು ಇನ್ನು ಮುಂದೆ ಪಾಲಿಸಬೇಕಾದದ್ದು:

(ಅ) ಅವರ ನಡಿಗೆಯ ವೇಗ ಎದುರಾಳಿಗೆ ಯೋಚಿಸಲು ಸಮಯ ಸಿಗುವಷ್ಟು ನಿಧಾನವಾಗಿಯೂ, ಯೋಚಿಸಿ ಮುಗಿಸಲು ಸಮಯ ಸಿಗದಷ್ಟು ಚುರುಕಾಗಿಯೂ ಇರತಕ್ಕದ್ದು.

(ಆ) ಹತ್ತಿರ ಬರಲು ಪಟ್ಟ ಪಾಡಿಗೆ ತಕ್ಕಂತೆ ಹಿಡಿತದ ಪೆಟ್ಟು ಇರತಕ್ಕದ್ದು. ಇಡೀ ಪರದೆಯನ್ನು ಒದೆ ತಿಂದು ದಾಟಿ ಬಂದವರಿಗೆ ಕೈಕುಲುಕುವುದೊಂದೇ ಫಲವಾದರೆ ಅವರು ಮನೆಯಲ್ಲೇ ಇರುವುದು ಲೇಸು.

(ಇ) ಜಿಗಿದವರನ್ನು ಹಿಡಿಯಲಾಗದು ಎಂಬ ನಿಯಮ ಹಾಗೆಯೇ ಮುಂದುವರಿಯತಕ್ಕದ್ದು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಿದ್ದರೆ ಜನ ಕೈಚೆಲ್ಲಿ ಕೂರುತ್ತಾರೆ. ಒಂದು ದಾರಿ ಇದ್ದರೆ ಮಾತ್ರ ಬೆವರುತ್ತಾರೆ.

(ಈ) ಅವರಿಗೆ ಏನು ಕೊಡಬೇಕು ಎಂಬ ಅಹವಾಲುಗಳನ್ನು ಸ್ವೀಕರಿಸತಕ್ಕದ್ದಲ್ಲ. ಏನು ಕೊಡಬಾರದು ಎಂಬ ಅಹವಾಲುಗಳನ್ನು ಎರಡು ಪ್ರತಿಗಳಲ್ಲಿ ಸಲ್ಲಿಸಬಹುದು.

7. ಮುಂಚಿತ ನೋಟಿಸಿನ ಬಗ್ಗೆ. ದೊಡ್ಡಮ್ಮ ಯಾರನ್ನೇ ತಬ್ಬುವ ಮೊದಲು ನೋಟಿಸು ಕೊಡಬೇಕೆಂದು ಹಿರಿಯ ಪರೀಕ್ಷಕರು ಕೋರಿದ್ದರು. ಇವರನ್ನು ವಿಭಾಗದಲ್ಲಿ ‘ಮೂಲೆರಾಯ’ ಎಂದು ಕರೆಯುವುದು ರೂಢಿ. ಪರದೆಯ ಮೂಲೆ ಬಿಟ್ಟು ಕದಲದೆ ಬೆಂಕಿಚೆಂಡು ಎಸೆದೇ ಹನ್ನೊಂದು ವರ್ಷ ಸೋಲದವರು. ಪ್ರಾಯೋಗಿಕವಾಗಿ ‘ಈಗ ತಬ್ಬಲಾಗುವುದು’ ಎಂಬ ಫಲಕವನ್ನು ಪರದೆಯ ಮೇಲೆ ತೋರಿಸಿ ಮೂರು ಪಂದ್ಯ ಆಡಿಸಲಾಯಿತು. ಫಲಕ ಕಂಡ ಎದುರಾಳಿಗಳು ಮೊದಲಿಗಿಂತ ಹೆಚ್ಚು ಗಾಬರಿಗೊಂಡು, ಇಬ್ಬರು ಕಂಟ್ರೋಲರ್ ಕೆಳಗೆ ಹಾಕಿ, ಒಬ್ಬರು ಫಲಕಕ್ಕೆ ಸ್ವೀಕೃತಿ ಕೊಡಬೇಕೇ ಎಂದು ಕೇಳುತ್ತಿರುವಾಗಲೇ ಹಿಡಿತಕ್ಕೆ ಸಿಕ್ಕರು. ಕೋರಿಕೆಯನ್ನು ಮೂಲೆರಾಯರ ಹಿತದೃಷ್ಟಿಯಿಂದಲೇ ತಿರಸ್ಕರಿಸಲಾಗಿದೆ. ಇದು ಕೆಳಸಹಿದಾರರು ತಮ್ಮ ಸೇವಾವಧಿಯಲ್ಲಿ ತಿರಸ್ಕರಿಸಿದ ಮೊದಲ ಕೋರಿಕೆ. ಆ ಬಳಿಕ ಅವರು ಒಂದು ಲೋಟ ನೀರು ಕುಡಿದರು.

8. ಕಾರಿಡಾರು. ತಿದ್ದುಪಡಿಗಳನ್ನು ಹಿಂಪಡೆದ ಮಾರನೆಯ ದಿನದಿಂದ, ತಿರುವಿನಲ್ಲಿ ಯಾರಾದರೂ ಎದುರಾದ ಕೂಡಲೇ ಸಿಬ್ಬಂದಿ ತಮಗರಿವಿಲ್ಲದೆ ಜಿಗಿಯುತ್ತಿರುವುದು ಗಮನಕ್ಕೆ ಬಂದಿದೆ. ಗುರುವಾರ ಒಂದೇ ದಿನ ಮೂರು ಚಹಾ ಲೋಟ, ಒಂದು ಟ್ಯೂಬ್‌ಲೈಟು ಹಾಗೂ ಇಬ್ಬರ ಘನತೆಗೆ ಧಕ್ಕೆಯಾಗಿದೆ. ಪಾತ್ರ ಪರಿಣಾಮಕಾರಿ ಆಗಿದೆ ಎನ್ನಲು ಇದು ಸಾಕ್ಷ್ಯವೆಂದು ವಿಭಾಗ ಪರಿಗಣಿಸುತ್ತದೆ. ಆದರೂ ಹೀಗೆ ಸೂಚಿಸಲಾಗಿದೆ:

(ಅ) ಕಾರಿಡಾರಿನಲ್ಲಿ ಜಿಗಿಯತಕ್ಕದ್ದಲ್ಲ.

(ಆ) ಜಿಗಿಯಲೇಬೇಕಾದಲ್ಲಿ ಹಿಂದಕ್ಕೆ ಜಿಗಿಯತಕ್ಕದ್ದು.

(ಇ) ಹಿಂದೆ ಯಾರಾದರೂ ಇದ್ದಲ್ಲಿ ಅವರು ಮೊದಲು ಜಿಗಿಯತಕ್ಕದ್ದು.

(ಈ) ಹುದ್ದೆಯಲ್ಲಿ ಹಿರಿಯರು ಎದುರಾದಾಗ ಜಿಗಿದ ಎತ್ತರ ಅವರ ಭುಜವನ್ನು ಮೀರತಕ್ಕದ್ದಲ್ಲ.

9. ವೃತ್ತ ತಿರುಗಿಸುವಿಕೆ. ದೊಡ್ಡಮ್ಮನ ಹಿಡಿತಕ್ಕೆ ಕಂಟ್ರೋಲರಿನ ಕಡ್ಡಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಸುತ್ತು ಮುಗಿಯುವ ಕ್ಷಣಕ್ಕೆ ಗುಂಡಿ ಒತ್ತಬೇಕಾಗುತ್ತದೆ. ಇದನ್ನು ಸುಲಭ ಮಾಡಬಾರದೇಕೆ ಎಂದು ಕೆಳಸಹಿದಾರರು ಕೇಳಿದ್ದಕ್ಕೆ ವಿನ್ಯಾಸಕಿಯವರು, “ಪದ್ಯ ಓದೋರು ಕೊನೇ ಮಾತಿಗೆ ಮುಂಚೆ ಒಂಚೂರು ಉಸಿರು ಹಿಡೀತಾರಲ್ಲ ಸಾರ್, ಕೇಳೋರು ಮುಂದಕ್ಕೆ ಬಾಗ್ತಾರಲ್ಲ, ಆ ಜಾಗ ಇದು. ಇದನ್ನ ತೆಗೆದ್ರೆ ಮಿಕ್ಕಿದ್ದು ಬರೀ ಮಾತು,” ಎಂದು ವಿವರಣೆ ಸಲ್ಲಿಸಿರುತ್ತಾರೆ. ವಿವರಣೆಯನ್ನು ಅಂಗೀಕರಿಸಲಾಗಿದೆ. ತದನಂತರ ಕೆಳಸಹಿದಾರರು ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಅಂಚಿನ ಸುತ್ತ ಹೆಬ್ಬೆರಳು ಓಡಿಸುತ್ತ ಎರಡು ದಿನ ಅಭ್ಯಾಸ ಮಾಡಿದ್ದು, ಆ ಎರಡು ದಿನ ಡಬ್ಬಿ ತೆರೆದೇ ಇದ್ದುದರಿಂದ ಬಿಸ್ಕತ್ತು ಮೆತ್ತಗಾಗಿದ್ದಕ್ಕೆ ವಿಭಾಗ ವಿಷಾದಿಸುತ್ತದೆ.

10. ಶುಕ್ರವಾರದ ಸ್ಥಿತಿಗತಿ. ಸಂಜೆ 4.45ರ ಹೊತ್ತಿಗೆ ನಾಲ್ಕು ಮಂದಿ ದೊಡ್ಡಮ್ಮನನ್ನು ಆರಿಸಿ ಗೆದ್ದಿದ್ದರು. ವಿನ್ಯಾಸಕಿಯವರು ತಾವೇ ರೂಪಿಸಿದ ಪಾತ್ರವಾದ ಕಾರಣ ಅನರ್ಹರು. ಉಳಿದವರಲ್ಲಿ ಇಬ್ಬರು ರಜೆಯಲ್ಲಿದ್ದರು, ಒಬ್ಬರ ಹೆಬ್ಬೆರಳಿಗೆ ಪಟ್ಟಿ ಕಟ್ಟಿತ್ತು. ಮೂಲೆರಾಯರನ್ನು ಕೇಳಿದಾಗ, “ನಾನಾ? ನಡ್ಕೊಂಡ್ ಹೋಗಿ ತಬ್ಬೋದಾ? ನಮ್ಮನೇಲೇ ಯಾರನ್ನೂ ತಬ್ಬಿಲ್ಲ ಕಣ್ರೀ ನಾನು,” ಎಂದು ಖಡಾಖಂಡಿತವಾಗಿ ನಿರಾಕರಿಸಿದರು. ವಿನ್ಯಾಸಕಿಯವರು ಮೇಜಿನ ಖಾನೆಯಲ್ಲಿದ್ದ ಸಾಮಾನುಗಳನ್ನು ಒಂದೊಂದಾಗಿ ಕೈಚೀಲಕ್ಕೆ ಹಾಕಿಕೊಳ್ಳತೊಡಗಿದರು. ಪೆನ್ಸಿಲ್ಲುಗಳು, ಒಂದು ಬಾಚಣಿಗೆ, ಕಂಬಳಿ ಹಿಂಡುತ್ತಿರುವ ಹೆಂಗಸಿನ ಒಂದು ಹಳೆಯ ಫೋಟೋ. ಕೆಳಸಹಿದಾರರು ಇದನ್ನು ಗಾಜಿನ ಬಾಗಿಲಿನ ಆಚೆಯಿಂದ ನೋಡಿದರು. ಈ ಸಲ ಅವರು ಕಾಗದ ನೋಡಲಿಲ್ಲ, ಮುಖ ನೋಡಿದರು.

11. ಸಿಬ್ಬಂದಿ ನಿಯಮಾವಳಿಯ ಪ್ರಕಾರ ಮುಖ್ಯಸ್ಥರು ವಿಭಾಗದ ಯಾರನ್ನಾದರೂ ಯಾವ ಹುದ್ದೆಗಾದರೂ ವರ್ಗಾಯಿಸಬಹುದು. ಆ ಯಾರಾದರೂ ಎಂಬವರು ಸ್ವತಃ ಮುಖ್ಯಸ್ಥರೇ ಆಗಿರಬಾರದೆಂದು ಎಲ್ಲಿಯೂ ಬರೆದಿಲ್ಲ. ಸದರಿ ಅಧಿಕಾರವನ್ನು ಚಲಾಯಿಸಿ, ಸಂಜೆ 4.50ಕ್ಕೆ ಕೆಳಸಹಿದಾರರು ತಮ್ಮನ್ನು ತಾವು ಪರೀಕ್ಷಕರ ಹುದ್ದೆಗೆ ವರ್ಗಾಯಿಸಿಕೊಂಡು, ಆದೇಶವನ್ನು ತಾವೇ ತಮಗೆ ಕೊಟ್ಟು, ತಾವೇ ಸ್ವೀಕರಿಸಿ, ಪರೀಕ್ಷಾ ಕೊಠಡಿಗೆ ಹೋಗಿ ಖಾಲಿ ಇದ್ದ ಸ್ಟೂಲಿನ ಮೇಲೆ ಕೂತರು. ಸ್ಟೂಲಿನ ಒಂದು ಕಾಲು ಗಿಡ್ಡ ಎಂಬುದು ಹದಿನಾರು ವರ್ಷಗಳ ನಂತರ ಅವರ ಗಮನಕ್ಕೆ ಬಂದಿತು.

12. ಪಂದ್ಯದ ವರದಿ. ಎದುರಾಳಿ: ಮೂಲೆರಾಯರು. ಅವಧಿ: ಅರವತ್ತು ಸೆಕೆಂಡು. ಮೊದಲ ಮೂರು ಪಂದ್ಯಗಳಲ್ಲಿ ಕೆಳಸಹಿದಾರರು ಎದುರಾಳಿಯ ಮುಖ ಕಾಣುವ ಮೊದಲೇ ಸೋತರು. ನಾಲ್ಕನೆಯದು 4.58ಕ್ಕೆ ಆರಂಭವಾಯಿತು. ಬೆಂಕಿಚೆಂಡುಗಳು ಎಡೆಬಿಡದೆ ಬಂದವು. ದೊಡ್ಡಮ್ಮ ಒಂದನ್ನು ತಡೆದರು, ಒಂದನ್ನು ತಿಂದರು, ಒಂದು ಹೆಜ್ಜೆ ಇಟ್ಟರು. ಮತ್ತೊಂದನ್ನು ತಿಂದರು, ಮತ್ತೊಂದು ಹೆಜ್ಜೆ. ಜೀವದ ಪಟ್ಟಿ ಉಗುರಿನ ಅಗಲಕ್ಕೆ ಇಳಿಯಿತು. ಕೊಠಡಿಯಲ್ಲಿದ್ದವರೆಲ್ಲ ಗೋಡೆಗೆ ಆತುಕೊಂಡರು. ಹತ್ತು ಸೆಕೆಂಡು ಉಳಿದಿರುವಾಗ ದೊಡ್ಡಮ್ಮ ಮೂಲೆ ತಲುಪಿದರು: ಒಂದು ಮೊಳ, ಎರಡು ಬೆರಳು.

ಅಲ್ಲಿ ಅವರು ಸುಮ್ಮನೆ ನಿಂತರು.

ಕಡ್ಡಿ ತಿರುಗಲಿಲ್ಲ. ಗುಂಡಿ ಒತ್ತಲಿಲ್ಲ. “ಏನ್ ಸಾರ್, ದೊಡ್ಡಮ್ಮ ಬಸ್ಸಿಗೆ ಕಾಯ್ತಾ ಇದಾರಾ?” ಎಂದು ಮೂಲೆರಾಯರು ಕೆಣಕಿದರಾದರೂ ಅವರ ಧ್ವನಿ ತುಸು ಮೇಲಕ್ಕೆ ಹೋಗಿತ್ತು. “ಸುಮ್ನಿರ್ರೀ,” ಎಂದರು ಬಾಗಿಲಲ್ಲಿ ಕೈಚೀಲ ಹಿಡಿದು ನಿಂತಿದ್ದ ವಿನ್ಯಾಸಕಿಯವರು. ಒಂದು ಸೆಕೆಂಡು ಕಳೆಯಿತು. ಎರಡು ಕಳೆಯಿತು. ಹಿಡಿಯುತ್ತಾರೆ, ಈಗ ಹಿಡಿಯುತ್ತಾರೆ ಎಂದು ಕಾದೂ ಕಾದೂ ತಡೆಯಲಾರದೆ ಮೂಲೆರಾಯರು ಜಿಗಿದೇ ಬಿಟ್ಟರು. ಜಿಗಿದವರು ಇಳಿಯಲೇಬೇಕು. ಅವರು ಇಳಿಯುವಷ್ಟರಲ್ಲಿ ಕೆಳಸಹಿದಾರರ ಹೆಬ್ಬೆರಳು ಸುತ್ತು ಮುಗಿಸಿತ್ತು. ಪಾದ ನೆಲಕ್ಕೆ ತಾಗಿದ್ದೇ ತಡ, ದೊಡ್ಡಮ್ಮ ಅವರನ್ನು ಬಾಚಿ ತಬ್ಬಿ, ಕಂಬಳಿಯಂತೆ ಹಿಂಡಿ, ಒಗೆದರು. ಮೂಲೆರಾಯರ ಜೀವದ ಪಟ್ಟಿ ಆ ಒಂದೇ ಪೆಟ್ಟಿಗೆ ಖಾಲಿಯಾಯಿತು.

ಮೂಲೆರಾಯರು ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಕಂಟ್ರೋಲರನ್ನು ಮೆಲ್ಲಗೆ ಕೆಳಗಿಟ್ಟು, “ಹಿಡೀದೇ ಹಿಡಿದ್ಬಿಟ್ರಲ್ಲ ಸಾರ್,” ಎಂದರು. ಗಡಿಯಾರ 4.59 ತೋರಿಸುತ್ತಿತ್ತು. ಕೆಳಸಹಿದಾರರು ಸ್ಟೂಲಿನಿಂದ ಎದ್ದು ಕೂಗಿದ್ದು ಪದವೋ ಅಲ್ಲವೋ ಎಂಬ ಬಗ್ಗೆ ಸಾಕ್ಷಿಗಳಲ್ಲಿ ಒಮ್ಮತವಿಲ್ಲ.

13. ಆಕ್ಷೇಪಣೆ ಮತ್ತು ಇತ್ಯರ್ಥ. ಸೋತ ಐದನೆಯ ನಿಮಿಷಕ್ಕೆ ಮೂಲೆರಾಯರು ಲಿಖಿತ ಆಕ್ಷೇಪಣೆ ಸಲ್ಲಿಸಿ, ಇದು ಹತ್ತು ನಿಮಿಷದ ಮಟ್ಟಿಗಿನ ನಾಟಕ, ಐದು ಗಂಟೆ ದಾಟಿದ ಮೇಲೆ ಇವರು ಮತ್ತೆ ಮುಖ್ಯಸ್ಥರೇ ಆಗುವುದರಿಂದ ಆಯ್ಕೆ ಅಸಿಂಧು ಎಂದು ವಾದಿಸಿರುತ್ತಾರೆ. ಆಕ್ಷೇಪಣೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ:

(ಅ) ಪರೀಕ್ಷಕರನ್ನು ಮುಖ್ಯಸ್ಥರ ಹುದ್ದೆಗೆ ವರ್ಗಾಯಿಸುವ ಅಧಿಕಾರ ಮುಖ್ಯಸ್ಥರಿಗೆ ಮಾತ್ರ ಇದೆ.

(ಆ) ಮುಖ್ಯಸ್ಥರ ಹುದ್ದೆ ಸಂಜೆ 4.50ರಿಂದ ಖಾಲಿ ಇದೆ.

(ಇ) ಖಾಲಿ ಹುದ್ದೆ ತುಂಬಲು ಮೇಲಿನ ಮಹಡಿಗೆ ಪ್ರಸ್ತಾವನೆ ಕಳುಹಿಸಬೇಕಾದವರು ಮುಖ್ಯಸ್ಥರು. (ಆ) ನೋಡುವುದು.

(ಈ) ಆದುದರಿಂದ ಕೆಳಸಹಿದಾರರು ಐದು ಗಂಟೆಯ ನಂತರವೂ, ನಾಳೆಯೂ, ತದನಂತರವೂ ಪರೀಕ್ಷಕರೇ ಆಗಿರುತ್ತಾರೆ. ಆಯ್ಕೆ ಸಿಂಧು. ದೊಡ್ಡಮ್ಮ ಆಟದಲ್ಲಿ ಉಳಿದಿರುತ್ತಾರೆ.

(ಉ) ಇದು ಕಣ್ತಪ್ಪಿನಿಂದ ಆದದ್ದೋ ಬೇಕೆಂದೇ ಮಾಡಿದ್ದೋ ಎಂಬ ಮೂಲೆರಾಯರ ಪ್ರಶ್ನೆಗೆ ಉತ್ತರಿಸಬೇಕಾದವರೂ ಮುಖ್ಯಸ್ಥರೇ.

14. ಮುಖ್ಯಸ್ಥರು ಇಲ್ಲದ ವೇಳೆ ಸುತ್ತೋಲೆಗಳನ್ನು ವಿಭಾಗಕ್ಕೆ ಹೊಸದಾಗಿ ಸೇರಿದ ನೌಕರರು ಹೊರಡಿಸತಕ್ಕದ್ದು ಎಂಬ ನಿಯಮದಂತೆ ಇದನ್ನು ಹೊರಡಿಸಲಾಗಿದೆ. ಎಲ್ಲರೂ ಚಾಚೂ ತಪ್ಪದೆ ಪಾಲಿಸತಕ್ಕದ್ದು.

ಸಹಿ/-
ಪರೀಕ್ಷಕ (ಸೇವಾವಧಿ: ಮೂವತ್ತೈದು ನಿಮಿಷ)
ಮುಖ್ಯಸ್ಥರ ಪರವಾಗಿ

ಪ್ರತಿಗಳು:

1. ಮೇಲಿನ ಮಹಡಿಗೆ, ಮಾಹಿತಿಗಾಗಿ. ಲಿಫ್ಟು ಕೆಟ್ಟಿರುವುದರಿಂದ ಸೋಮವಾರ ತಲುಪಬಹುದು.

2. ವಿಭಾಗದ ಮುಖ್ಯಸ್ಥರಿಗೆ. ಸದ್ಯ ಯಾರೂ ಇಲ್ಲದ ಕಾರಣ ಮೇಜಿನ ಮೇಲೆ ಇಟ್ಟು ಬರುವುದು.

3. ಮೂಲೆರಾಯರಿಗೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮರುಪಂದ್ಯಕ್ಕೆ ಹಾಜರಿರಲು ಸೂಚಿಸಿ.

4. ಬಡಗಿಯವರಿಗೆ, ಪರೀಕ್ಷಾ ಕೊಠಡಿಯ ಸ್ಟೂಲಿನ ಬಗ್ಗೆ.

5. ಮೂಲ ದೊಡ್ಡಮ್ಮನವರಿಗೆ, ಗೌರವಪೂರ್ವಕವಾಗಿ. ಊಟ ಆಗಿದೆ.

6. ವಿನ್ಯಾಸಕಿಯವರಿಗೆ. ಅವರ ರಾಜೀನಾಮೆಯನ್ನು ಅಂಗೀಕರಿಸುವ ಅಧಿಕಾರವುಳ್ಳವರು ವಿಭಾಗದಲ್ಲಿ ಯಾರೂ ಇಲ್ಲದಿರುವುದರಿಂದ ಮೂಲ ಪತ್ರವನ್ನು ಇದರೊಂದಿಗೆ ಹಿಂದಿರುಗಿಸಲಾಗಿದೆ. ಕೈಚೀಲ ಬಿಚ್ಚುವುದು.